ಬಲಗಡೆಯ ಚೌಕ ಮೊದಲು

ಆಫೀಸಿನಲ್ಲಿ ನನ್ನ ಹೆಸರು ಮೆಣಸಿನಕಾಯಿ. ಬೆನ್ನ ಹಿಂದೆ ಇಟ್ಟ ಹೆಸರಲ್ಲ. ಎದುರಿಗೇ ಹಾಗೆ ಕರೆಯುತ್ತಿದ್ದರು, ನಾನೂ ಓಗೊಡುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮುಚ್ಚಿಟ್ಟು ಸಾಧುವಿನ ವೇಷ ಹಾಕುವ ಅಭ್ಯಾಸ ನನಗಿಲ್ಲ. ಆದರೆ ಇವತ್ತು ಬರೆಯಲು ಕೂತದ್ದು ಕೋಪದಿಂದಲ್ಲ. ಕೆಲವರಿಗೆ ನಾನು ಹೇಳಬೇಕಾಗಿದ್ದ ಥ್ಯಾಂಕ್ಸ್ ಹೇಳದೆ ಉಳಿದುಹೋಗಿದೆ. ಅವರಲ್ಲೊಬ್ಬರು ನಾನು ಮುಖವನ್ನೇ ನೋಡದ ಚಿತ್ರಗಾರ್ತಿ, ಇನ್ನೊಬ್ಬಳು ನನ್ನ ಅಕ್ಕ. ಮೂರನೆಯವನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅವನಿಗೆ ಅವಸರವಿಲ್ಲ.

ನಮ್ಮದು ಸಣ್ಣ ಪ್ರಕಾಶನ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ, ಒಂದು ಬಾಲ್ಕನಿ, ನಾಲ್ಕು ಜನ. ಜಪಾನಿನ ಮಾಂಗಾ ಪುಸ್ತಕಗಳನ್ನು, ಅಂದರೆ ಅಲ್ಲಿಯ ಚಿತ್ರಕತೆಗಳನ್ನು, ನಮ್ಮ ಭಾಷೆಗೆ ತಂದು ಅಚ್ಚು ಹಾಕಿಸುವುದು ಕೆಲಸ. ಯಜಮಾನಿ ಹಿಂದೆ ಗಣಿತದ ಟೀಚರ್ ಆಗಿದ್ದವರು. ಮಕ್ಕಳು ಓದಲಿ ಎಂದು ಶುರುಮಾಡಿದವರು, ಕೊನೆಗೆ ಮಕ್ಕಳಿಗಿಂತ ಹೆಚ್ಚಾಗಿ ತಾವೇ ಓದಿ ಮೂಗು ಒರೆಸಿಕೊಳ್ಳುತ್ತಿದ್ದರು.

ಮಾಂಗಾದ ಪುಟವನ್ನು ಬಲದಿಂದ ಎಡಕ್ಕೆ ಓದಬೇಕು. ನಾವು ಪುಸ್ತಕದ ಹಿಂಬದಿ ಎನ್ನುತ್ತೇವಲ್ಲ, ಅದೇ ಅದರ ಮುಂಬದಿ. ಪ್ರತಿ ಸಾಲಿನಲ್ಲೂ ಬಲಗಡೆಯ ಚಿತ್ರದ ಚೌಕ ಮೊದಲು, ಎಡಗಡೆಯದು ಆಮೇಲೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿದರೆ ಎಡಚರೆಲ್ಲ ಬಲಗೈಯವರಾಗುತ್ತಾರೆ ಎಂದು ನಾವು ಅದನ್ನು ಇದ್ದ ಹಾಗೆಯೇ ಬಿಡುತ್ತೇವೆ. ಅನುವಾದ ಮಾಡುವ ಅಜ್ಜಿ ಬೇರೆ ಊರಿನವರು. ಅವರು ಒಂದೊಂದು ಪುಟದ ಮಾತುಗಳನ್ನೂ ಒಂದರ ಕೆಳಗೊಂದು ಬರೆದು ಕಳಿಸುತ್ತಿದ್ದರು, ಅಷ್ಟೇ. ಯಾವ ಮಾತು ಯಾವ ಬಲೂನಿಗೆ, ಅಂದರೆ ಚಿತ್ರದೊಳಗೆ ಮಾತು ತುಂಬುವ ಯಾವ ಗುಳ್ಳೆಗೆ, ಎನ್ನುವುದು ನನ್ನ ತಲೆನೋವು. ನಾನು ಮೊದಲು ಪುಟದ ಮೇಲೆ ಪೆನ್ಸಿಲಿನಲ್ಲಿ ಬಲದಿಂದ ಎಡಕ್ಕೆ ಬಲೂನುಗಳಿಗೆ ಸಂಖ್ಯೆ ಹಾಕಬೇಕು. ಆಮೇಲೆ ಅಜ್ಜಿಯ ಮೊದಲನೆಯ ಮಾತು ಒಂದಕ್ಕೆ, ಎರಡನೆಯದು ಎರಡಕ್ಕೆ. ಸಂಖ್ಯೆ ತಪ್ಪಿತೋ, ಅತ್ತೆಯ ಮಾತು ಸೊಸೆಯ ಬಾಯಿಗೆ ಬಂದು ಕೂರುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಹಾಗೆ ತಪ್ಪಿದ್ದು ಇಲ್ಲವೆನ್ನುವಷ್ಟು ಕಡಿಮೆ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ.

ನನ್ನ ಕೆಲಸ ಮುಗಿದ ಮೇಲೆ ಪುಟಗಳು ಹೋಗುತ್ತಿದ್ದುದು ಪ್ರೂಫ್ ನೋಡುವವನ ಮೇಜಿಗೆ. ಅವನಿಗೆ ನಾನೇ ಇಟ್ಟ ಹೆಸರು ಆಮೆ. ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸಿಕೊಂಡು ಓದುತ್ತಿದ್ದ. ಒಂದು ಲೋಟ ಚಹಾ ಕುಡಿಯಲು ಅವನಿಗೆ ಅರ್ಧ ಗಂಟೆ ಬೇಕು. ಜೋಕು ಹೇಳಲು ಹೊರಟರೆ ನಾವು ಮೊದಲೇ ನಕ್ಕು ಮುಗಿಸಿ ನಮ್ಮ ನಮ್ಮ ಕೆಲಸಕ್ಕೆ ಹೋಗಿರುತ್ತಿದ್ದೆವು. ಸಣ್ಣಪುಟ್ಟ ತಪ್ಪುಗಳನ್ನು ಅವನೇ ತಿದ್ದಿ ಪ್ರೆಸ್ಸಿಗೆ ಕಳಿಸುತ್ತಿದ್ದ, ದೊಡ್ಡವು ಮಾತ್ರ ನನಗೆ ಹಿಂದಕ್ಕೆ ಬರುತ್ತಿದ್ದವು. ಅಚ್ಚಾಗಿ ಬಂದ ಪುಸ್ತಕವನ್ನು ನಾನು ತೆರೆದು ನೋಡುವವಳಲ್ಲ.

ಅವನು ಸೇರಿದ ಮೊದಲನೇ ವಾರ ಒಂದು ಘಟನೆ ನಡೆಯಿತು. ನನ್ನ ಕುರ್ಚಿಯ ಹಿಂದೆ ಒಂದು ಕಪಾಟು ಇದೆ. ಅದರ ಮೇಲಿನ ಫೈಲು ತೆಗೆಯಲು ಅವನು ನನ್ನ ತಲೆಯ ಮೇಲಿಂದ ಕೈ ಚಾಚಿದ. ನಾನು ತಟ್ಟನೆ ಎರಡೂ ತೋಳುಗಳಲ್ಲಿ ತಲೆ ಮುಚ್ಚಿಕೊಂಡು ಮೇಜಿನ ಕೆಳಗೆ ಬಗ್ಗಿದೆ. ಎಲ್ಲರೂ ನಕ್ಕರು. "ಮೆಣಸಿನಕಾಯಿ ಮುದುಡ್ಕೊಳ್ತು ನೋಡ್ರಿ!" ಎಂದು ಯಜಮಾನಿ ಹೇಳಿದರು. ನಾನೂ ನಕ್ಕು, ಪೆನ್ಸಿಲ್ ಬಿದ್ದಿತ್ತು ಎಂದು ಸುಳ್ಳು ಹೇಳಿದೆ. ಆಮೆ ಮಾತ್ರ ನಗಲಿಲ್ಲ. ಮರುದಿನದಿಂದ ಅವನು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಲು ಶುರುಮಾಡಿದ.

"ಒಳಗೆ ಬರಲಾ?"

"ಬಾಗಿಲು ತೆಗೆದೇ ಇದೆಯಲ್ಲ, ಕಣ್ಣು ಕಾಣಲ್ವಾ?"

"ಕಾಣುತ್ತೆ. ಬರಲಾ?"

ದಿನಕ್ಕೆ ಐದು ಸಲ ಇದೇ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೇಜಿನ ಕೆಳಗೆ ಯಾಕೆ ಬಗ್ಗಿದೆ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಅಪ್ಪ ಹೊಡೆಯುತ್ತಿದ್ದ. ಬೀಗ ರಿಪೇರಿ ಮಾಡುವವನ ಕೈ, ಕಬ್ಬಿಣದ ಹಾಗಿತ್ತು. ಅವನಿಗೆ ಕುಡಿತವಿರಲಿಲ್ಲ. ಹೊಡೆಯುವ ಮುಂಚೆ ಕೂಗಾಡುತ್ತಲೂ ಇರಲಿಲ್ಲ. ಕೂಗಾಡಿದ್ದರೆ ಓಡಿಹೋಗಲಾದರೂ ಸಮಯ ಸಿಗುತ್ತಿತ್ತು. ಚಮಚ ಬಿದ್ದ ಸದ್ದಿಗೋ, ಪುಸ್ತಕ ಮಡಿಸದೆ ಬಿಟ್ಟದ್ದಕ್ಕೋ, ಯಾವುದಕ್ಕೂ ಅಲ್ಲದೆಯೋ, ಕೈ ಬಂದುಬಿಡುತ್ತಿತ್ತು. ಹತ್ತು ನಿಮಿಷ ಕಳೆದ ಮೇಲೆ ಮುಲಾಮಿನ ಡಬ್ಬಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತು, ಬೆಣ್ಣೆಯಂಥ ದನಿಯಲ್ಲಿ ಕೇಳುತ್ತಿದ್ದ, "ನೋವಾಯ್ತಾ ಪುಟ್ಟಿ?" ನಾನು "ಇಲ್ಲ" ಎನ್ನಬೇಕು. ಹೌದು ಎಂದರೆ ಅವನು ಅಳುತ್ತಿದ್ದ. ಅವನು ಅತ್ತರೆ, ಅಪ್ಪನನ್ನು ಅಳಿಸಿದೆಯಲ್ಲ ಎಂದು ಅಮ್ಮ ನನ್ನ ಮೇಲೆ ಮುನಿಸಿಕೊಳ್ಳುತ್ತಿದ್ದಳು. ಹೆಣ್ಣುಮಕ್ಕಳೆಂದರೆ ಪ್ರಾಣ ಅವನಿಗೆ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ನನ್ನ ಆರನೇ ವಯಸ್ಸಿನಿಂದ ಹದಿನೈದರವರೆಗೆ ಇದು ನಡೆಯಿತು. ಆಮೇಲೆ ಅವನು ಸತ್ತ. ನನಗೆ ಅಳು ಬರಲಿಲ್ಲ, ಅದಕ್ಕೂ ಬೈಸಿಕೊಂಡೆ.

ಮೂವತ್ತು ದಾಟುವ ಹೊತ್ತಿಗೆ ಇದೆಲ್ಲ ಹಳೆಯ ಕತೆಯಾಗಿದೆ ಎಂದುಕೊಂಡಿದ್ದೆ. ಆಗ ನಮ್ಮ ಆಫೀಸಿಗೆ ಒಂಬತ್ತು ಸಂಪುಟಗಳ ಒಂದು ಪ್ರೇಮಕತೆ ಬಂತು. ಅದರ ಹುಡುಗಿ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವಳು. ಚಿಕ್ಕವಳಿದ್ದಾಗ ಮನೆಯಲ್ಲಿ ಏಟು ತಿಂದು ಬೀರುವಿನೊಳಗೆ ಅವಿತುಕೊಂಡು ಬೆಳೆದವಳು. ಈಗಲೂ ಯಾರಾದರೂ ಹತ್ತಿರ ಬಂದರೆ ಅವಳ ಭುಜ ಕಿವಿಯವರೆಗೆ ಏರುತ್ತದೆ. ಹುಡುಗ ಎದುರುಗಡೆಯ ಅಂಗಡಿಯಲ್ಲಿ ಬೂಟು ಹೊಲಿಯುವವನು. ಅವನು ಎಲ್ಲವನ್ನೂ ಕೇಳುತ್ತಾನೆ. ಇಲ್ಲಿ ಕೂರಲಾ, ಕೊಡೆ ಹಿಡಿಯಲಾ, ನಿಮ್ಮ ಜೊತೆ ಮೂಲೆಯವರೆಗೆ ನಡೆಯಲಾ. ಅವಳ ಕೈ ಹಿಡಿಯಲು ಅವನು ಮೂರು ಸಂಪುಟ ತೆಗೆದುಕೊಂಡ. ಮೂರು ಸಂಪುಟ! ನಾನು ಹಲ್ಲು ಕಚ್ಚಿಕೊಂಡು ಬಲೂನು ತುಂಬಿದೆ. ಇಂಥ ಗಂಡಸರು ಕಾಗದದ ಮೇಲೆ ಮಾತ್ರ ಸಿಗುತ್ತಾರೆ, ಅದೂ ಹೊರದೇಶದ ಕಾಗದದ ಮೇಲೆ, ಎಂದು ಯಜಮಾನಿಯ ಮುಂದೆ ಭಾಷಣ ಮಾಡಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ "ಒಳಗೆ ಬರಲಾ?" ಕೇಳಿಸಿತು. ಯಜಮಾನಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಎದ್ದು ಹೋದರು.

ಪ್ರೀತಿ ಯಾವಾಗ ಶುರುವಾಯಿತು ಎಂದು ಕೇಳಿದರೆ ತಾರೀಖು ಹೇಳಲಾರೆ. ನನ್ನ ಕೂಗಾಟಕ್ಕೆ ಅವನು ಹೆದರಲೂ ಇಲ್ಲ, ತಿರುಗಿ ಕೂಗಲೂ ಇಲ್ಲ. ಮಳೆಗಾಲ ಬಂದರೆ ಕಿಟಕಿ ಸೋರುತ್ತದೆ ಎನ್ನುವಷ್ಟೇ ಸಹಜವಾಗಿ ಅದನ್ನು ತೆಗೆದುಕೊಂಡ. ಬಾಲ್ಕನಿಯಲ್ಲಿ ಒಟ್ಟಿಗೆ ಚಹಾ ಕುಡಿಯತೊಡಗಿದೆವು. ನನ್ನದು ಮುಗಿದು ಅವನದು ಆರುತ್ತಿತ್ತು. ಆಮೇಲೆ ಬಸ್ ಸ್ಟಾಪಿನವರೆಗೆ ಒಟ್ಟಿಗೆ ನಡೆಯತೊಡಗಿದೆವು, ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡು. ಅವನ ಜೋಕುಗಳನ್ನು ಕೊನೆಯವರೆಗೆ ಕೇಳುವವಳು ನಾನೊಬ್ಬಳೇ ಆದೆ. ಕೊನೆಯವರೆಗೆ ಕಾದರೆ ಅವು ನಿಜಕ್ಕೂ ಚೆನ್ನಾಗಿದ್ದವು. ಒಂದು ಸಂಜೆ ಬಸ್ಸು ತಡವಾಗಿತ್ತು, ಅವನು ತನ್ನ ಬೂಟಿನ ತುದಿ ನೋಡಿಕೊಂಡು ಹೇಳಿದ.

"ಒಂದೇ ಮನೇಲಿ ಇರೋಣವಾ ನಾವು? ಮದುವೆ ಮಾಡ್ಕೊಂಡು ಅಂತಾನೇ ಹೇಳ್ತಿರೋದು. ಈಗಲೇ ಹೇಳ್ಬೇಡಿ. ಬೇಡ ಅಂದ್ರೂ ನಾಳೆ ಚಹಾ ನಾನೇ ತರ್ತೀನಿ."

ನನಗೆ ಹೂಂ ಎನ್ನುವ ಆಸೆ ಬೆಟ್ಟದಷ್ಟಿತ್ತು. ಆದರೆ ಒಂದೇ ಸೂರಿನ ಕೆಳಗೆ ಒಬ್ಬ ಗಂಡಸಿನ ಕೈ, ಬೆಳಗ್ಗೆ, ಸಂಜೆ, ಹಿಂದಿನಿಂದ, ಪಕ್ಕದಿಂದ. ಅದನ್ನು ನೆನೆಸಿಕೊಂಡರೆ ಬೆನ್ನು ತಣ್ಣಗಾಗುತ್ತಿತ್ತು. ಅವನ ಮೇಲೆ ಅನುಮಾನವಿತ್ತೆಂದಲ್ಲ. ನನ್ನ ಮೈಗೆ ಅವನು ಯಾರು, ಅಪ್ಪ ಯಾರು ಎಂದು ತಿಳಿಯುತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿದೆ.

"ಹೂಂ ಅನ್ನೋಕೆ ನಿಂಗೇನೇ ಕಷ್ಟ? ಬೇರೆ ಎಲ್ಲಾದಕ್ಕೂ ಬಾಯಿ ಇದೆಯಲ್ಲ," ಎಂದಳು ಅಕ್ಕ.

"ಆಗಲ್ಲ ಅಕ್ಕ. ಬೇಡ ಅಂತೀನಿ. ಕೊನೇ ಸಂಪುಟ ಪ್ರೆಸ್ಸಿಗೆ ಹೋಗೋ ದಿನ ಹೇಳ್ಬಿಡ್ತೀನಿ. ಆಮೇಲೆ ಕೆಲಸ ಬಿಟ್ಟು ಬೇರೆ ಕಡೆ ನೋಡ್ಕೊಂಡ್ರಾಯ್ತು."

ಆ ದಿನ ಬಂತು. ಬೆಳಗಿನ ಹನ್ನೊಂದು ಗಂಟೆ. ಕೆಳಗೆ ಯಾರೋ ಸೈಕಲ್ ಚಕ್ರಕ್ಕೆ ಸುತ್ತಿಗೆ ಬಡಿಯುತ್ತಿದ್ದರು, ಯಜಮಾನಿ ಪ್ರೆಸ್ಸಿನವರ ಹತ್ತಿರ ಫೋನಿನಲ್ಲಿ ಜಗಳವಾಡುತ್ತಿದ್ದರು. ಬೇಡ ಎನ್ನುವ ಮಾತನ್ನು ನಾನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಆಮೆ ಬಾಗಿಲಲ್ಲಿ ನಿಂತ, ಕೈಯಲ್ಲಿ ಒಂದು ದಪ್ಪ ಲಕೋಟೆ.

"ಒಳಗೆ ಬರಲಾ?"

"ಬನ್ನಿ."

"ಒಂದು ವಿಷಯ ತೋರಿಸಲಾ? ನಿಮ್ಮ ಕೆಲಸದ್ದೇ. ಆದ್ರೆ ಕೆಲಸದ್ದಷ್ಟೇ ಅಲ್ಲ. ಬೇಡ ಅಂದ್ರೆ ತೋರಿಸಲ್ಲ, ಲಕೋಟೆ ನಿಮಗೇ ಕೊಟ್ಟು ಹೋಗ್ತೀನಿ."

"ತೋರಿಸಿ ಮಾರಾಯ್ರೇ, ಪೀಠಿಕೆ ಸಾಕು."

ಅವನು ಲಕೋಟೆಯಿಂದ ಪುಟಗಳನ್ನು ತೆಗೆದು ಮೇಜಿನ ಮೇಲೆ ಒಂದೊಂದಾಗಿ ಹರಡಿದ. ಹನ್ನೊಂದು ಪುಟ. ಎಲ್ಲವೂ ಆ ಒಂಬತ್ತು ಸಂಪುಟಗಳಿಂದ, ಎಲ್ಲದರ ಮೇಲೂ ನನ್ನ ಪೆನ್ಸಿಲಿನ ಸಂಖ್ಯೆ. ಮೊದಲನೆಯದು ಮೂರನೇ ಸಂಪುಟದ್ದು, ಕೈ ಹಿಡಿಯುವ ಪುಟ. ಬಲಗಡೆಯ ಚೌಕದಲ್ಲಿ ಎರಡು ಕೈ ದೂರ ದೂರ ಇವೆ. ಎಡಗಡೆಯ ಚೌಕದಲ್ಲಿ ಕೈಗಳು ಸೇರಿವೆ. ಅಜ್ಜಿ ಬರೆದು ಕಳಿಸಿದ್ದು ಎರಡು ಮಾತು: ಮೊದಲು "ಹಿಡ್ಕೊಳ್ಳಲಾ?", ಆಮೇಲೆ "ನಿಮ್ಮ ಕೈ ತಣ್ಣಗಿದೆ." ನಾನು ಎಡಗಡೆಯ ಚೌಕಕ್ಕೆ ಒಂದು ಎಂದು ಬರೆದಿದ್ದೆ, ಬಲಗಡೆಯದಕ್ಕೆ ಎರಡು. ಹಾಗಾಗಿ ನನ್ನ ಪುಟದಲ್ಲಿ ಹುಡುಗ ಮೊದಲು ಕೈ ಹಿಡಿದುಬಿಟ್ಟು, ಹಿಡಿದ ಮೇಲೆ ಹಿಡಿಯಲಾ ಎಂದು ಕೇಳುತ್ತಿದ್ದ.

ಎರಡನೇ ಪುಟವೂ ಹಾಗೆಯೇ. ಹಣೆಯ ಮೇಲಿನ ಕೂದಲು ಸರಿಸಿ ಆಮೇಲೆ ಕೇಳುತ್ತಾನೆ. ಮೂರನೆಯದು, ನಾಲ್ಕನೆಯದು. ಹನ್ನೊಂದನೆಯದು ಅವತ್ತೇ ಪ್ರೆಸ್ಸಿಗೆ ಹೋಗಬೇಕಾಗಿದ್ದ ಕೊನೆಯ ಸಂಪುಟದ ಪುಟ.

"ಸಾವಿರದ ಆರುನೂರು ಪುಟದಲ್ಲಿ ನೀವು ಸಂಖ್ಯೆ ತಪ್ಪಿರೋದು ಹನ್ನೊಂದೇ," ಎಂದ ಆಮೆ. "ಬೇರೆ ಎಲ್ಲೂ ಇಲ್ಲ. ಮುಟ್ಟೋ ಮುಂಚೆ ಯಾರಾದ್ರೂ ಕೇಳೋ ಪುಟ ಬಂದ್ರೆ ಮಾತ್ರ."

ನನ್ನ ತಲೆಗೆ ರಕ್ತ ಏರಿತು. "ನನ್ನ ಮೇಲೆ ಪತ್ತೇದಾರಿಕೆ ಮಾಡ್ತಿದ್ರಾ ಇಷ್ಟು ದಿನ? ಕೂಡಿಟ್ಕೊಂಡು, ಇವತ್ತು ತಂದು ಮುಖಕ್ಕೆ ಹಿಡೀತೀರಾ?" ಎಂದು ಕೂಗಿದೆ. ಪಕ್ಕದ ಕೋಣೆಯಲ್ಲಿ ಯಜಮಾನಿಯ ಜಗಳ ನಿಂತುಹೋಯಿತು. ನಾನು ಕುರ್ಚಿ ಹಿಂದಕ್ಕೆ ತಳ್ಳಿ, ದಡದಡ ಮೆಟ್ಟಿಲಿಳಿದು ಬೀದಿಗೆ ಬಂದೆ.

ಬೀದಿಯಲ್ಲಿ ನಿಂತ ಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ. ಸೈಕಲ್ ಅಂಗಡಿಯ ಗೋಡೆಗೆ ಒರಗಿ ಅಕ್ಕನ ನಂಬರು ಒತ್ತಿದೆ. ನಡೆದದ್ದನ್ನು ಗೊಂದಲಗೊಂದಲವಾಗಿ ಹೇಳಿದೆ. ಪುಟ, ಸಂಖ್ಯೆ, ಬಲ, ಎಡ. ಹೇಳುತ್ತಾ ಹೇಳುತ್ತಾ ನನ್ನ ಬಾಯಿಂದಲೇ ಬಂತು.

"ಅಕ್ಕ, ನಂಗೆ ತಪ್ಪು ಅಂತ ಅನ್ನಿಸ್ಲೇ ಇಲ್ಲ. ಮೊದಲು ಕೈ ಬರೋದು, ಆಮೇಲೆ ಕೇಳೋದು. ಅದೇ ಸರಿಯಾದ ಕ್ರಮ ಅನ್ಕೊಂಡು ಬರೆದಿದ್ದೀನಿ. ಅಪ್ಪ ಮುಲಾಮು ತರ್ತಿದ್ನಲ್ಲ, ಹಾಗೆ."

ಅಕ್ಕ ಹೇಳಿದಳು, "ನಾನು ಇವತ್ತಿಗೂ ಯಾರಾದ್ರೂ ನೋವಾಯ್ತಾ ಅಂದ್ರೆ ಇಲ್ಲ ಅಂತೀನಿ ಕಣೇ. ಹಲ್ಲಿನ ಡಾಕ್ಟರ್ ಹತ್ರನೂ. ಮೊನ್ನೆ ಅವರು ತಪ್ಪು ಹಲ್ಲು ಕೆದಕ್ತಿದ್ರು, ನಾನು ಇಲ್ಲ ಇಲ್ಲ ಅಂತಾನೇ ಇದ್ದೆ."

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ನಗು ಯಾವಾಗ ಅಳುವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅಪ್ಪ ಸತ್ತು ಹತ್ತೊಂಬತ್ತು ವರ್ಷದ ಮೇಲೆ, ನಾವು ಅಕ್ಕತಂಗಿಯರು ಫೋನಿನ ಎರಡು ತುದಿಯಲ್ಲಿ ಮೊದಲ ಸಲ ಒಟ್ಟಿಗೆ ಅತ್ತೆವು. ಸೈಕಲ್ ಅಂಗಡಿಯವನು ಏನನ್ನೂ ಕೇಳದೆ ಒಂದು ಸ್ಟೂಲು ತಂದಿಟ್ಟು ಹೋದ. ಅವನಿಗೂ ನಾನು ಥ್ಯಾಂಕ್ಸ್ ಹೇಳಿಲ್ಲ.

"ಮೇಲೆ ಹೋಗೇ," ಎಂದಳು ಅಕ್ಕ ಮೂಗು ಸೀಟಿಕೊಂಡು. "ಆಮೆ ಅಷ್ಟು ಬೇಗ ಎಲ್ಲೂ ಓಡಿಹೋಗಲ್ಲ. ಆದ್ರೂ ಹೋಗು."

ಮೇಲೆ ಹೋದೆ. ಅವನು ನನ್ನ ಮೇಜಿನ ಎದುರು ಕೂತು ಕಾಯುತ್ತಿದ್ದ. ಎರಡೂ ಅಂಗೈಗಳನ್ನು ನನಗೆ ಕಾಣುವ ಹಾಗೆ ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಿದ್ದ. ನಾನು ಕೂತು ಎಲ್ಲವನ್ನೂ ಹೇಳಿದೆ. ಚಮಚ, ಮುಲಾಮಿನ ಡಬ್ಬಿ, ಪುಟ್ಟಿ, ಇಲ್ಲ ಎನ್ನಬೇಕಾಗಿದ್ದದ್ದು, ಎಲ್ಲವನ್ನೂ. ಅವನು ಅಯ್ಯೋ ಪಾಪ ಎನ್ನಲಿಲ್ಲ, ಅಪ್ಪನನ್ನು ಬೈಯಲೂ ಇಲ್ಲ. ಬೆರಳಿಟ್ಟು ಓದುವ ಹಾಗೆಯೇ ಒಂದು ಮಾತನ್ನೂ ಬಿಡದೆ ಕೇಳಿದ.

"ಯಾವಾಗ ಗೊತ್ತಾಯ್ತು ನಿಮಗೆ?" ಎಂದೆ ಕೊನೆಗೆ.

"ಮೊದಲ ಮೂರು ಸಲ ಕಣ್ತಪ್ಪು ಅನ್ಕೊಂಡು ನಾನೇ ತಿದ್ದಿ ಕಳಿಸ್ದೆ. ನಾಲ್ಕನೇ ಸಲ, ನೀವು ಮೇಜಿನ ಕೆಳಗೆ ಬಗ್ಗಿದ್ದು ನೆನಪಾಯ್ತು. ಆಮೇಲೂ ತಿದ್ದುತ್ತಾನೇ, ಹೇಳ್ಬೇಕಾ ಬೇಡ್ವಾ ಅಂತ ಎರಡು ವರ್ಷ ಯೋಚ್ನೆ ಮಾಡ್ದೆ."

"ಎರಡು ವರ್ಷಾನಾ?"

"ಆಮೆ ಅಂತ ನೀವು ಸುಮ್ನೆ ಹೆಸರಿಟ್ರಾ?" ಎಂದ. ಆಮೇಲೆ ದನಿ ತಗ್ಗಿಸಿ, "ನಂಗೆ ಉತ್ತರ ಕೊಡೋ ಮುಂಚೆ ನಿಮಗಿದು ಗೊತ್ತಿರ್ಲಿ ಅನ್ನಿಸ್ತು. ಬೇಡ ಅನ್ನೋದಾದ್ರೆ ನನ್ನನ್ನ ನೋಡಿ ಬೇಡ ಅನ್ನಿ. ನಿಮ್ಮ ಅಪ್ಪನನ್ನ ನೋಡಿ ಅಲ್ಲ," ಎಂದ.

ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತು ನನಗೆ ಆಗ ನೆನಪಿಗೇ ಬರಲಿಲ್ಲ. ಹನ್ನೊಂದನೇ ಪುಟವನ್ನು ಹತ್ತಿರಕ್ಕೆ ಎಳೆದುಕೊಂಡೆ. ಆ ಪುಟದಲ್ಲಿ ಮೊದಲ ಸಲ ಕೇಳುವವಳು ಹುಡುಗಿ. ಬಲಗಡೆಯ ಚೌಕದಲ್ಲಿ ಅವಳ ಬಿಚ್ಚಿದ ಅಂಗೈ ಒಂದೇ ಇದೆ. ಎಡಗಡೆಯದರಲ್ಲಿ ಎರಡು ಕೈ. ನನ್ನ ಸಂಖ್ಯೆಗಳನ್ನು ರಬ್ಬರಿನಿಂದ ಅಳಿಸಿದೆ. ಬಲಗಡೆ ಒಂದು, ಎಡಗಡೆ ಎರಡು ಎಂದು ಬರೆದೆ. ಕಂಪ್ಯೂಟರಿನಲ್ಲಿ ಮಾತುಗಳನ್ನು ಅದಲು ಬದಲು ಮಾಡಿದೆ. ಒಂದನೇ ಬಲೂನು: "ನಾನು ಹಿಡ್ಕೊಳ್ಳಲಾ?" ಎರಡನೇ ಬಲೂನು: "ಬೆಚ್ಚಗಿದೆ." ಎರಡು ನಿಮಿಷದ ಕೆಲಸ. ಅದಕ್ಕೆ ನನಗೆ ಮೂವತ್ತನಾಲ್ಕು ವರ್ಷ ಬೇಕಾಯಿತು.

ಪೆನ್ಸಿಲ್ ಕೆಳಗಿಟ್ಟು ಅವನ ಕಡೆ ತಿರುಗಿದೆ.

"ನಿಮ್ಮ ಕೈ ಹಿಡ್ಕೊಳ್ಳಲಾ?"

ಅವನು ತನ್ನ ಕೈ ನೋಡಿಕೊಂಡ. ಬೆರಳಿಗೆ ಹತ್ತಿದ್ದ ಕೆಂಪು ಶಾಯಿಯನ್ನು ಪ್ಯಾಂಟಿಗೆ ಒರೆಸಿದ. ಇನ್ನೊಂದು ಸಲ ನೋಡಿಕೊಂಡ. ನಾನು ಇನ್ನೇನು ಕೂಗಿಬಿಡಬೇಕು, ಅಷ್ಟರಲ್ಲಿ "ಹೂಂ" ಎಂದ.

ಹಿಡಿದೆ. ನನ್ನ ಭುಜ ಕಿವಿಯವರೆಗೆ ಏರಿತು, ಅಲ್ಲೇ ಒಂದಿಷ್ಟು ಹೊತ್ತು ನಿಂತಿತು, ಆಮೇಲೆ ಇಳಿಯಿತು. "ಆ ಇನ್ನೊಂದು ಪ್ರಶ್ನೆಗೂ ಹೂಂ," ಎಂದೆ. ಪಕ್ಕದ ಕೋಣೆಯಲ್ಲಿ ಯಜಮಾನಿ ಜೋರಾಗಿ ಮೂಗು ಒರೆಸಿಕೊಂಡದ್ದು ಕೇಳಿಸಿತು.

ಮದುವೆಯಾಗಿ ಈಗ ನಾಲ್ಕು ವರ್ಷ. ಎಲ್ಲವೂ ಒಂದೇ ಏಟಿಗೆ ಸರಿಹೋಯಿತು ಎಂದು ಬರೆದರೆ ಅಕ್ಕ ಓದಿ ನಗುತ್ತಾಳೆ. ಮೊದಲನೇ ವರ್ಷ ನಾನು ಕನಿಷ್ಠ ನೂರು ಸಲ ಬಗ್ಗಿದ್ದೇನೆ. ಒಮ್ಮೆ ಅವನು ಸೊಳ್ಳೆ ಹೊಡೆಯಲು ಕೈ ಎತ್ತಿದಾಗ ಸ್ನಾನದ ಮನೆಗೆ ಓಡಿಹೋಗಿ ಚಿಲಕ ಹಾಕಿಕೊಂಡೆ. ಅವನು ಹೊರಗೆ ನೆಲದ ಮೇಲೆ ಕೂತು ಪೇಪರಿನ ಹವಾಮಾನದ ಸುದ್ದಿಯನ್ನು ನಿಧಾನವಾಗಿ ಓದಿ ಹೇಳುತ್ತಿದ್ದ, ನಾನು ಚಿಲಕ ತೆಗೆಯುವವರೆಗೆ. ಮಾನಸಿಕ ಆರೋಗ್ಯದ ಡಾಕ್ಟರ ಹತ್ತಿರ ಹೋಗಲಾ ಎಂದು ನಾನೇ ಕೇಳಿದೆ. ಅವನು ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕಾದ. ಆ ಪ್ರೇಮಕತೆಯ ಚಿತ್ರಗಾರ್ತಿಗೆ ಒಂದು ಪತ್ರ ಬರೆದೆ, ಅನುವಾದದ ಅಜ್ಜಿ ಅದನ್ನು ಅವರ ಭಾಷೆಗೆ ಮಾಡಿ ಕಳಿಸಿದರು. ಉತ್ತರ ಬಂದಿಲ್ಲ, ಬರದಿದ್ದರೂ ಪರವಾಗಿಲ್ಲ. ನಿಮ್ಮ ಹುಡುಗ ಮೂರು ಸಂಪುಟ ತೆಗೆದುಕೊಂಡದ್ದು ಹೆಚ್ಚೇನೂ ಆಗಲಿಲ್ಲ ಎಂದು ಬರೆದಿದ್ದೆ, ಥ್ಯಾಂಕ್ಸ್ ಎನ್ನುವ ಮಾತು ಮಾತ್ರ ಬಿಟ್ಟುಹೋಗಿತ್ತು.

ಈಗ ಕಳೆದ ಭಾನುವಾರದ ಮಾತು. ನಾನು ಒಲೆಯ ಮುಂದೆ ನಿಂತು ಚಹಾಕ್ಕೆ ನೀರಿಟ್ಟಿದ್ದೆ. ಸಕ್ಕರೆಯ ಡಬ್ಬಿ ನನ್ನ ತಲೆಯ ಮೇಲಿನ ಹಲಗೆಯಲ್ಲಿ ಇರುತ್ತದೆ. ಆಮೆ ಹಿಂದಿನಿಂದ ಬಂದು ಕೈ ಚಾಚಿದ. ಅವನ ಅಂಗಿಯ ತೋಳು ನನ್ನ ಕೂದಲಿಗೆ ತಾಗಿತು. "ಅದಲ್ಲ, ಅದರ ಪಕ್ಕದ್ದು," ಎಂದೆ. ಚಹಾ ಆಯಿತು, ಕುಡಿದೆವು. ನನ್ನದು ಮುಗಿಯಿತು, ಅವನದು ಆರುತ್ತಿತ್ತು. ಲೋಟ ತೊಳೆಯಲು ನಲ್ಲಿ ತಿರುಗಿಸಿದಾಗ ನನಗೆ ಹೊಳೆಯಿತು. ಒದ್ದೆ ಕೈಯಲ್ಲೇ ಹೊರಗೆ ಬಂದೆ.

"ನೀನು ಕೇಳ್ಲಿಲ್ಲ," ಎಂದೆ.

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ. ಡಬ್ಬಿ ತೆಗೀವಾಗ. ಮರೆತೇಹೋಯ್ತು ಕಣೇ."

"ನಾನೂ ಮರೆತೆ."

"ನೀನೇನು ಮರೆತೆ?"

ನಾನು ಎರಡೂ ತೋಳುಗಳನ್ನು ತಲೆಯ ಮೇಲೆ ಇಟ್ಟುಕೊಂಡು, ಹಿಂದೆ ಬಗ್ಗುತ್ತಿದ್ದ ಹಾಗೆಯೇ ಬಗ್ಗಿ ತೋರಿಸಿ, ಎದ್ದು ನಿಂತೆ. ಅವನು ನನ್ನನ್ನೇ ನೋಡುತ್ತಾ ಕೂತಿದ್ದ, ಲೋಟ ಕೈಯಲ್ಲೇ ಇತ್ತು. ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಬೇಕು. ನಾನು ಕಾದೆ.